ಗಮಕದ ಜಾಡಿನಲ್ಲಿ ‘ಟ್ರೆಷರ್ ಐಲೆಂಡ್’: ಮನೆಮಂದಿಯೆಲ್ಲ ಕೂತು ಪಾಶ್ಚಾತ್ಯ ಕ್ಲಾಸಿಕ್ ಓದುವ ಬಗೆ

ಗಮಕ ಕೇಳಿದವರಿಗೆ ಈ ಪದ್ಧತಿ ಹೊಸದೇನಲ್ಲ. ಗಮಕಿ ಕುಮಾರವ್ಯಾಸ ಭಾರತದ ಒಂದು ಪದ್ಯವನ್ನು ರಾಗವಾಗಿ ವಾಚಿಸಿ ನಿಲ್ಲಿಸುತ್ತಾರೆ. ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಅದನ್ನು ಆಡುಮಾತಿಗೆ ಇಳಿಸಿ ಹೇಳುತ್ತಾರೆ. ನಡುಗನ್ನಡ ಅರ್ಥವಾಗದ ಮಗು, ಕರ್ಣಪರ್ವ ಬಾಯಿಗೆ ಬರುವ ಅಜ್ಜ, ಇಬ್ಬರೂ ಒಂದೇ ಜಮಖಾನದ ಮೇಲೆ ಕೂತು ಕೇಳಬಹುದು. ಮೂಲದ ಸೊಗಸೂ ಉಳಿಯುತ್ತದೆ, ಕಥೆಯೂ ಎಲ್ಲರಿಗೂ ಮುಟ್ಟುತ್ತದೆ.

ಪಾಶ್ಚಾತ್ಯ ಕ್ಲಾಸಿಕ್‌ಗಳನ್ನು ಮನೆಯಲ್ಲಿ ಓದಲು ಹೊರಟವರು ಸಾಮಾನ್ಯವಾಗಿ ಎಡವುವುದು ಇಲ್ಲೇ. ಮಗುವಿಗೆ ಇಂಗ್ಲಿಷ್ ಬರುತ್ತದೆ, ಆದರೆ ನೂರೈವತ್ತು ವರ್ಷ ಹಿಂದಿನ ಇಂಗ್ಲಿಷ್ ಬರುವುದಿಲ್ಲ. ಅಜ್ಜಿಗೆ ಕಥೆ ಕೇಳುವ ಆಸೆ, ಆದರೆ ಕನ್ನಡದಲ್ಲಿ ಬೇಕು. ಅಪ್ಪ-ಅಮ್ಮ ಓದಬಲ್ಲರು, ಆದರೆ ಪಿಯುಸಿ ಪಠ್ಯದ ನೆನಪಾಗಿ ಆಕಳಿಸುತ್ತಾರೆ. ಪರಿಹಾರ ಎಂದು ಮಕ್ಕಳಿಗೊಂದು ಚಿತ್ರಪುಸ್ತಕ, ದೊಡ್ಡವರಿಗೊಂದು ದಪ್ಪ ಪುಸ್ತಕ ತಂದರೆ ಎಲ್ಲರೂ ಒಂದೊಂದು ಮೂಲೆ ಸೇರುತ್ತಾರೆ. ಅದರ ಬದಲು ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕನ್ನಡದಲ್ಲಿ ವ್ಯಾಖ್ಯಾನ ಮಾಡಲಿ. ಮುಂದೆ ಬರುವುದೆಲ್ಲ ಇದನ್ನು ನಡೆಸುವ ವಿವರ. ಹೆಚ್ಚಿನ ಪಾಲು ಒಂದೇ ಪುಸ್ತಕಕ್ಕೆ ಮೀಸಲು. ಒಂದನ್ನು ಸರಿಯಾಗಿ ಮುಗಿಸಿದ ಮನೆಗೆ ಎರಡನೆಯದಕ್ಕೆ ಮಾರ್ಗದರ್ಶಿ ಬೇಕಾಗುವುದಿಲ್ಲ.

ಮೊದಲು ಎರಡು ಸಂಜೆಯ ತಾಲೀಮು

ದೊಡ್ಡ ಕಾದಂಬರಿಗೆ ನೇರವಾಗಿ ಕೈಹಾಕಬೇಡಿ. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ ಬಹುತೇಕ ಕನ್ನಡ ಮನೆಗಳಿಗೆ ಗೊತ್ತು. ಅದಕ್ಕೆ ಮೂಲ ರಾಬರ್ಟ್ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ‘ಪೈಡ್ ಪೈಪರ್ ಆಫ್ ಹ್ಯಾಮಲಿನ್’. ಹಾಸಿಗೆ ಹಿಡಿದಿದ್ದ ಪರಿಚಯದ ಹುಡುಗನೊಬ್ಬನನ್ನು ರಂಜಿಸಲು ಬ್ರೌನಿಂಗ್ ಬರೆದ ಪದ್ಯ ಅದು. ಸುಮಾರು ಮುನ್ನೂರು ಸಾಲು, ಗಟ್ಟಿಯಾಗಿ ಓದಿದರೆ ಇಪ್ಪತ್ತು ನಿಮಿಷ.

ಮೊದಲ ಸಂಜೆ ಕನ್ನಡದ್ದನ್ನು ಓದಿ. ಅಜ್ಜಿಗೆ ಬಾಯಿಪಾಠವಿದ್ದರೆ ಪುಸ್ತಕ ಮುಚ್ಚಿಡಿ. ಎರಡನೆಯ ಸಂಜೆ ಇಂಗ್ಲಿಷಿನದು. ಕಥೆ ಆಗಲೇ ಗೊತ್ತಿರುವುದರಿಂದ ವ್ಯಾಖ್ಯಾನಕ್ಕೆ ಹೆಚ್ಚು ಕೆಲಸವಿಲ್ಲ. ಕಿವಿ ಪೂರ್ತಿ ಪ್ರಾಸ ಮತ್ತು ಲಯದ ಮೇಲೆ ಇರುತ್ತದೆ. ಮಕ್ಕಳಿಗೆ ಒಂದು ಕೆಲಸ ಕೊಡಿ: ಎರಡರಲ್ಲೂ ಏನೇನು ಬೇರೆಯಾಗಿದೆ ಎಂದು ಪಟ್ಟಿ ಮಾಡಲಿ. ನದಿಯ ಹೆಸರು, ಊರಿನ ಹಿರಿಯರು, ಮಾತು ಕೊಟ್ಟ ಹಣ. ಬ್ರೌನಿಂಗ್‌ನ ಊರಿನವರು ಸಾವಿರ ಗಿಲ್ಡರ್ ಎಂದು ಹೇಳಿ ಕೊನೆಗೆ ಐವತ್ತಕ್ಕೆ ಇಳಿಯುತ್ತಾರೆ. ಕುವೆಂಪು ಅವರಲ್ಲಿ ಎಷ್ಟು ಎಂದು ಮಕ್ಕಳೇ ಹುಡುಕಲಿ. ಕನ್ನಡಕ್ಕೆ ತರುವುದೆಂದರೆ ಪದಕ್ಕೆ ಪದ ಇಡುವುದಲ್ಲ ಎಂಬುದನ್ನು ಈ ಎರಡು ಸಂಜೆ ತಾವಾಗಿಯೇ ತೋರಿಸಿಕೊಡುತ್ತವೆ. ಮುಂದೆ ವ್ಯಾಖ್ಯಾನ ಮಾಡಬೇಕಾದವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗದು.

ಯಾಕೆ ‘ಟ್ರೆಷರ್ ಐಲೆಂಡ್’

ನಿಧಿಯ ನಕ್ಷೆ ಕೈಗೆ ಸಿಕ್ಕ ಹುಡುಗ ಜಿಮ್ ಹಾಕಿನ್ಸ್, ಒಂಟಿಕಾಲಿನ ಸಿಲ್ವರ್‌ನಂಥ ಕಡಲ್ಗಳ್ಳರು ಸೇರಿಕೊಂಡ ಹಡಗಿನಲ್ಲಿ ದ್ವೀಪಕ್ಕೆ ಹೋಗುವ ಕಥೆ ಇದು. ಈ ಪುಸ್ತಕ ಹುಟ್ಟಿದ್ದೇ ಮನೆಮಂದಿಯ ನಡುವೆ. 1881ರ ಮಳೆಗಾಲದಂಥ ಬೇಸಿಗೆಯಲ್ಲಿ ಸ್ಕಾಟ್ಲೆಂಡಿನ ಬ್ರೇಮಾರ್ ಊರಿನ ಒಂದು ಬಾಡಿಗೆ ಮನೆಯಲ್ಲಿ ರಾಬರ್ಟ್ ಲೂಯಿಸ್ ಸ್ಟೀವನ್ಸನ್ ಸಂಸಾರದೊಡನೆ ಸಿಕ್ಕಿಬಿದ್ದಿದ್ದ. ಹೆಂಡತಿಯ ಮೊದಲ ಮದುವೆಯ ಮಗ, ಹದಿಮೂರು ವರ್ಷದ ಲಾಯ್ಡ್, ಬಣ್ಣದ ಡಬ್ಬಿ ಇಟ್ಟುಕೊಂಡು ಚಿತ್ರ ಬರೆಯುತ್ತಿದ್ದ. ಅವನ ಜೊತೆ ಕೂತು ಸ್ಟೀವನ್ಸನ್ ಒಂದು ದ್ವೀಪದ ನಕ್ಷೆ ಬಿಡಿಸಿದ. ಕಥೆ ಹುಟ್ಟಿದ್ದು ಆ ನಕ್ಷೆಯಿಂದ. ದಿನಕ್ಕೊಂದು ಅಧ್ಯಾಯ ಬರೆದು ಮನೆಯವರಿಗೆ ಓದಿ ಹೇಳುತ್ತಿದ್ದ. ದೀಪಸ್ತಂಭಗಳ ಎಂಜಿನಿಯರಾಗಿದ್ದ ಅವನ ತಂದೆ ಥಾಮಸ್ ಕೂಡ ಮಗುವಿನಂತೆ ಕೇಳುತ್ತಿದ್ದು, ಸತ್ತ ನಾವಿಕ ಬಿಲ್ಲಿ ಬೋನ್ಸ್‌ನ ಪೆಟ್ಟಿಗೆಯಲ್ಲಿ ಏನೇನಿರಬೇಕು ಎಂದು ಪಟ್ಟಿ ಬರೆದುಕೊಟ್ಟರು. ಅದು ಪುಸ್ತಕದಲ್ಲಿ ಹಾಗೇ ಉಳಿಯಿತು. ಮೂರು ತಲೆಮಾರು ಸೇರಿ ಕೇಳಿದ ಕಥೆಯನ್ನು ಮೂರು ತಲೆಮಾರಿಗೆ ಓದುವುದು ಸುಲಭ.

ಇನ್ನೊಂದು ಕಾರಣ ಅಳತೆ. 34 ಅಧ್ಯಾಯ, ಒಂದೊಂದೂ ಹೆಚ್ಚುಕಡಿಮೆ ಎರಡು ಸಾವಿರ ಪದ. ನಿಮಿಷಕ್ಕೆ 130 ಪದದಂತೆ ಓದಿದರೆ ಅಧ್ಯಾಯಕ್ಕೆ ಹದಿನೈದು ನಿಮಿಷ. ವ್ಯಾಖ್ಯಾನಕ್ಕೆ ಏಳೆಂಟು ನಿಮಿಷ ಸೇರಿಸಿದರೂ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ವಾರಕ್ಕೆ ಮೂರು ರಾತ್ರಿ ಕೂತರೆ ಹನ್ನೆರಡು ವಾರದಲ್ಲಿ ಪುಸ್ತಕ ಮುಗಿದಿರುತ್ತದೆ. ಜೂನ್‌ನಲ್ಲಿ ಶುರು ಮಾಡಿದರೆ ಗಣೇಶನ ಹಬ್ಬದ ಹೊತ್ತಿಗೆ.

ಪ್ರತಿ ಆರಿಸುವುದು

ಅಂಗಡಿಯಲ್ಲಿ ಸಿಗುವ ಮಕ್ಕಳ ಆವೃತ್ತಿಗಳಲ್ಲಿ ಎಷ್ಟೋ ಕತ್ತರಿಸಿದವು. ಮುಖಪುಟದಲ್ಲಿ ಅದನ್ನು ಹೇಳದಿರಬಹುದು. ಒಳಗಿನ ಶೀರ್ಷಿಕೆ ಪುಟದಲ್ಲಿ ‘ಅಬ್ರಿಜ್ಡ್’, ‘ರೀಟೋಲ್ಡ್’, ‘ಅಡಾಪ್ಟೆಡ್’ ಎಂಬ ಮಾತಿದೆಯೇ ನೋಡಿ. ಅದೂ ಇಲ್ಲವೆಂದರೆ ಪರಿವಿಡಿ ತೆರೆಯಿರಿ. 34 ಅಧ್ಯಾಯ ಇರಬೇಕು, 16ನೆಯ ಅಧ್ಯಾಯದ ತಲೆಬರಹದಲ್ಲಿ ಕಥೆಯನ್ನು ಡಾಕ್ಟರ್ ಮುಂದುವರಿಸುತ್ತಾರೆ ಎಂಬ ಸೂಚನೆ ಇರಬೇಕು. ಇದೇ ಉಪಾಯ ಬೇರೆ ಪುಸ್ತಕಗಳಿಗೂ ನಡೆಯುತ್ತದೆ: ‘ಗಲಿವರ್ಸ್ ಟ್ರಾವೆಲ್ಸ್’ ಎಂದರೆ ನಾಲ್ಕು ಭಾಗ (ಮಕ್ಕಳ ಪ್ರತಿಗಳಲ್ಲಿ ಸಾಮಾನ್ಯವಾಗಿ ಕುಳ್ಳರ ನಾಡು, ದೈತ್ಯರ ನಾಡು ಮಾತ್ರ), ‘ಅರೌಂಡ್ ದ ವರ್ಲ್ಡ್ ಇನ್ ಎಯ್ಟಿ ಡೇಸ್’ ಎಂದರೆ 37 ಅಧ್ಯಾಯ.

ದುಡ್ಡು ಖರ್ಚು ಮಾಡಲೇಬೇಕೆಂದಿಲ್ಲ. ಭಾರತದಲ್ಲಿ ಲೇಖಕ ತೀರಿಕೊಂಡ 60 ವರ್ಷದ ನಂತರ ಕೃತಿಸ್ವಾಮ್ಯ ಮುಗಿಯುತ್ತದೆ. ಸ್ಟೀವನ್ಸನ್ ತೀರಿಕೊಂಡದ್ದು 1894ರಲ್ಲಿ, ಡಿಕನ್ಸ್ 1870ರಲ್ಲಿ. ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಇವರ ಪೂರ್ಣ ಪಾಠ ಉಚಿತ, ಲಿಬ್ರಿವಾಕ್ಸ್‌ನಲ್ಲಿ ಸ್ವಯಂಸೇವಕರು ಓದಿದ ಧ್ವನಿಮುದ್ರಣವೂ ಉಚಿತ. ಆದರೆ ಮೂಲ ಹಳೆಯದಾದ ಮಾತ್ರಕ್ಕೆ ಇತ್ತೀಚಿನ ಅನುವಾದವೂ ಬಿಟ್ಟಿಯಲ್ಲ. ಅನುವಾದಕರ ಹಕ್ಕು ಬೇರೆಯೇ ಇರುತ್ತದೆ.

ಮೊಬೈಲ್ ಪರದೆಯಲ್ಲಿ ಓದಬೇಡಿ. ನೀತಿಯ ಮಾತಾಗಿ ಇದನ್ನು ಹೇಳುತ್ತಿಲ್ಲ: ಓದುವವರು ಪರದೆ ನೋಡುತ್ತಿದ್ದರೆ ಕೇಳುವವರೂ ತಮ್ಮ ತಮ್ಮ ಪರದೆ ತೆಗೆಯುತ್ತಾರೆ. ಒಂದೊಂದು ಭಾಗವನ್ನು 14 ಪಾಯಿಂಟ್ ಅಕ್ಷರದಲ್ಲಿ, ಸಾಲುಗಳ ನಡುವೆ ಒಂದೂವರೆ ಪಟ್ಟು ಜಾಗ ಬಿಟ್ಟು, ಎ4 ಹಾಳೆಯಲ್ಲಿ ಮುದ್ರಿಸಿ ಪಿನ್ ಹೊಡೆಯಿರಿ. ಪುಸ್ತಕದಲ್ಲಿ ಆರು ಭಾಗಗಳಿವೆ, ಆರು ಕಟ್ಟು ಸಾಕು. ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಲು ಜಾಗವೂ ಸಿಗುತ್ತದೆ.

ಹಿಂದಿನ ದಿನದ ಇಪ್ಪತ್ತು ನಿಮಿಷ

ಮುಂಚೆ ಓದಿಕೊಳ್ಳದೆ ಕೂರುವುದೇ ಈ ಪ್ರಯತ್ನಗಳು ನಿಂತುಹೋಗಲು ಮೊದಲ ಕಾರಣ. ವ್ಯಾಖ್ಯಾನ ಮಾಡುವವರು ಹಿಂದಿನ ದಿನ ಅಧ್ಯಾಯವನ್ನು ಮನಸ್ಸಿನಲ್ಲೇ ಓದಿಕೊಂಡು ಮೂರು ಬಗೆಯ ಗುರುತು ಹಾಕಲಿ.

ಅಡ್ಡಗೆರೆ: ಇಲ್ಲಿ ನಿಲ್ಲಿಸಿ ಅರ್ಥ ಹೇಳಬೇಕು. ಒಂದು ಅಧ್ಯಾಯಕ್ಕೆ ನಾಲ್ಕು ಗೆರೆ, ಜಾಸ್ತಿ ಎಂದರೆ ಐದು.

ವೃತ್ತ: ಈ ಪದ ಗೊತ್ತಿಲ್ಲದೆ ಕಥೆ ಮುಂದೆ ಸಾಗದು. ಇದಕ್ಕೂ ಐದರ ಮಿತಿ. ಹಡಗಿನ ಪದಗಳು ಈ ಪುಸ್ತಕದಲ್ಲಿ ರಾಶಿ ರಾಶಿ. ಎಲ್ಲದಕ್ಕೂ ನಿಘಂಟು ತೆಗೆದರೆ ರಾತ್ರಿ ಅಲ್ಲಿಗೇ ಮುಗಿಯಿತು. ಹಾಯಿ, ಹಾಯಿಕಂಬ, ಚುಕ್ಕಾಣಿ, ಲಂಗರು, ಉಬ್ಬರ, ಇಳಿತ: ಈ ಆರು ಮೊದಲೇ ತಿಳಿದಿದ್ದರೆ ಉಳಿದವು ಹಿನ್ನೆಲೆಯ ಸದ್ದಾಗಿ ಹರಿದುಹೋಗಲಿ. ಕರಾವಳಿಯ ಕಡೆಯವರಿಗೆ ಇವನ್ನು ವಿವರಿಸುವ ಅಗತ್ಯವೂ ಬೀಳದು.

ಆವರಣ: ಚಿಕ್ಕ ಮಕ್ಕಳಿದ್ದರೆ ಇದನ್ನು ಬಿಟ್ಟು ಒಂದು ವಾಕ್ಯದಲ್ಲಿ ಹೇಳಿ ಮುಂದೆ ಹೋಗಬೇಕು. 14ನೆಯ ಅಧ್ಯಾಯದಲ್ಲಿ ಸಿಲ್ವರ್ ತನ್ನ ಊರುಗೋಲನ್ನು ಎಸೆದು ಟಾಮ್ ಎಂಬ ನಾವಿಕನನ್ನು ಕೆಡವಿ ಇರಿಯುತ್ತಾನೆ. 26ರಲ್ಲಿ ಕಡಲ್ಗಳ್ಳ ಇಸ್ರೇಲ್ ಹ್ಯಾಂಡ್ಸ್ ಬೀಸಿದ ಚಾಕು ಜಿಮ್‌ನನ್ನು ಹಾಯಿಕಂಬಕ್ಕೆ ಚುಚ್ಚಿ ನಿಲ್ಲಿಸುತ್ತದೆ. ಹತ್ತು ದಾಟಿದವರಿಗೆ ಎರಡನ್ನೂ ಪೂರ್ತಿ ಓದಬಹುದು. ಏಳೆಂಟರ ಮಕ್ಕಳಿಗೆ ಮೊದಲನೆಯದನ್ನು ತೆಳುಗೊಳಿಸಿ, ಎರಡನೆಯದನ್ನು ರಾತ್ರಿ ಮಲಗುವ ಹೊತ್ತಿನಲ್ಲಿ ಓದದೆ ಭಾನುವಾರ ಬೆಳಿಗ್ಗೆ ಓದಿ. ಆರರೊಳಗಿನವರಿಗೆ ಈ ಪುಸ್ತಕ ಬೇಡ, ಕಿಂದರಿಜೋಗಿಯೇ ಸಾಕು.

ಓದುವವರ ಕೆಲಸ

ನಿಧಾನ. ಇದರಲ್ಲಿ ತಪ್ಪುವವರೇ ಹೆಚ್ಚು. ಜೇನ್ ಆಸ್ಟೆನ್‌ಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ 1813ರ ಜನವರಿಯಲ್ಲಿ ಅಚ್ಚಾಗಿ ಮನೆಗೆ ಬಂದಾಗ, ಬರೆದವರು ಯಾರೆಂದು ಹೇಳದೆ ನೆರೆಯಾಕೆಯೊಬ್ಬಳಿಗೆ ಅದನ್ನು ಓದಿ ಹೇಳಿದರು. ಅಮ್ಮ ತೀರಾ ಓಡಿಸಿಕೊಂಡು ಓದುತ್ತಾಳೆ, ಪಾತ್ರಗಳು ಮಾತಾಡಬೇಕಾದ ಹಾಗೆ ಮಾತಾಡಿಸಲು ಅವಳಿಗೆ ಬಾರದು ಎಂದು ಆಸ್ಟೆನ್ ಅಕ್ಕನಿಗೆ ಬರೆದ ಕಾಗದದಲ್ಲಿ ಗೊಣಗಿದ್ದಾಳೆ. ಇನ್ನೂರು ವರ್ಷ ಕಳೆದರೂ ತಪ್ಪು ಅದೇ.

ನಿಮ್ಮ ವೇಗ ಅಳೆಯಲು ಗಡಿಯಾರ ಇಟ್ಟುಕೊಂಡು ಒಂದು ಪುಟ ಓದಿ, ಪದ ಎಣಿಸಿ. ನಿಮಿಷಕ್ಕೆ 150 ದಾಟಿದರೆ ಎರಡನೆಯ ಭಾಷೆಯಲ್ಲಿ ಕೇಳುವ ಕಿವಿಗೆ ಅದು ಹೆಚ್ಚು. ಪೂರ್ಣವಿರಾಮದಲ್ಲಿ ಒಂದು ಉಸಿರು, ಪ್ಯಾರಾ ಮುಗಿದಾಗ ಎರಡು.

ಒಬ್ಬೊಬ್ಬ ಪಾತ್ರಕ್ಕೂ ಒಂದೊಂದು ಕಂಠ ತರಲು ಹೋಗಬೇಡಿ. ಮೂರನೆಯ ಅಧ್ಯಾಯದ ಹೊತ್ತಿಗೆ ಯಾರದು ಯಾವ ಕಂಠ ಎಂದು ನಿಮಗೇ ಮರೆತಿರುತ್ತದೆ. ವೇಗ ಬದಲಿಸಿದರೆ ಸಾಕು: ಜಿಮ್ ಹಾಕಿನ್ಸ್ ಸಹಜ ನಡೆಯಲ್ಲಿ, ಊರ ಜಮೀನ್ದಾರ ಸ್ಕ್ವೈರ್ ಟ್ರೆಲಾನಿ ಗಡಿಬಿಡಿಯಲ್ಲಿ, ಸಿಲ್ವರ್ ಎಲ್ಲರಿಗಿಂತ ನಿಧಾನವಾಗಿ, ನಯವಾಗಿ. ಸಿಲ್ವರ್‌ನನ್ನು ಗರ್ಜಿಸುವ ಖಳನಂತೆ ಓದಿದರೆ ಕಥೆಯೇ ಕೆಡುತ್ತದೆ. ಅವನನ್ನು ಕೇಳುಗರು ಮೆಚ್ಚಬೇಕು; ಮೆಚ್ಚಿದ್ದಕ್ಕೆ ಆಮೇಲೆ ತಮ್ಮನ್ನೇ ಬೈದುಕೊಳ್ಳಬೇಕು. ಕಡಲ್ಗಳ್ಳರಲ್ಲೊಬ್ಬನಾದ ಕುರುಡ ಪ್ಯೂ ಬರುವಾಗ ಮಾತ್ರ ಯಾರಾದರೂ ಮಂಚದ ಕಾಲಿಗೆ ಕೋಲಿನಿಂದ ಟಕ್ ಟಕ್ ಎನ್ನಿಸಲಿ. ಇಡೀ ಪುಸ್ತಕಕ್ಕೆ ಸದ್ದಿನ ಚಮತ್ಕಾರ ಅದೊಂದೇ ಸಾಕು.

ವ್ಯಾಖ್ಯಾನಕಾರರ ಕೆಲಸ

ಶುರುವಿಗೆ ಮುನ್ನ ಎರಡು ವಾಕ್ಯ: ಹಿಂದೆ ಎಲ್ಲಿ ನಿಂತಿದ್ದೆವು, ಈಗ ಯಾರು ಎಲ್ಲಿದ್ದಾರೆ. ಆಮೇಲೆ ಒಂದೊಂದು ಅಡ್ಡಗೆರೆ ಬಂದಾಗ ಮೂರು ನಾಲ್ಕು ವಾಕ್ಯ. ವಾಕ್ಯಕ್ಕೆ ವಾಕ್ಯ ಅನುವಾದ ಮಾಡಲು ಹೊರಟರೆ ಓದೂ ಕೆಟ್ಟು ಅರ್ಥವೂ ಕೆಡುತ್ತದೆ. ಅಜ್ಜಿಗೆ ಪಕ್ಕದ ಮನೆಯ ಸುದ್ದಿ ಹೇಳುವಾಗ ಹೇಗೆ ಹೇಳುತ್ತೀರೋ ಹಾಗೆ ಹೇಳಿ. ಮುಂದೆ ಬರುವುದನ್ನು ಬಾಯಿ ಬಿಡಬಾರದು. ಹೆಸರುಗಳನ್ನು ಬದಲಿಸುವುದೂ ಬೇಡ.

ಓದಿಗಿಂತ ವ್ಯಾಖ್ಯಾನ ಉದ್ದವಾಗುವುದು ಮಾಮೂಲು ರೋಗ. ಹದಿನೈದು ನಿಮಿಷದ ಓದಿಗೆ ಎಂಟು ನಿಮಿಷದ ಮಾತು ಎಂಬ ಲೆಕ್ಕ ದಾಟಿದರೆ ಮಕ್ಕಳಲ್ಲಿ ಒಬ್ಬರಿಗೆ ಕೈ ಎತ್ತುವ ಅಧಿಕಾರ ಕೊಡಿ. ಇನ್ನೊಂದು ರೋಗ ಹೋಲಿಕೆ. ಸಿಲ್ವರ್ ಎಂದೊಡನೆ ಶಕುನಿ, ಜಿಮ್ ಎಂದೊಡನೆ ಅಭಿಮನ್ಯು ಎನ್ನುತ್ತ ಹೋದರೆ ಸ್ಟೀವನ್ಸನ್ ಮಾಯವಾಗಿ ಮಹಾಭಾರತವೊಂದೇ ಉಳಿಯುತ್ತದೆ. ಒಂದು ಪುಸ್ತಕಕ್ಕೆ ಒಂದು ಹೋಲಿಕೆ ಎಂದು ಕಟ್ಟು ಹಾಕಿಕೊಳ್ಳಿ; ಆ ಒಂದನ್ನು ಎಲ್ಲಿ ಬಳಸಬೇಕೆಂದು ಯೋಚಿಸುವುದರಲ್ಲೇ ಅರ್ಧ ಸೊಗಸಿದೆ.

ಕೆಲವು ವಾರ ಕಳೆದ ಮೇಲೆ ಮಗು ನಡುವೆ ಬಾಯಿ ಹಾಕಿ “ಹಾಗಲ್ಲ ಅಮ್ಮಾ, ಅವನು ಹೇಳಿದ್ದು ಬೇರೆ” ಎನ್ನಲು ಶುರು ಮಾಡುತ್ತದೆ. ಆ ದಿನವೇ ವ್ಯಾಖ್ಯಾನದ ಪೀಠ ಬಿಟ್ಟುಕೊಡಿ. ಅಜ್ಜಿಗೆ ಅರ್ಥವಾಗುವಂತೆ ಕನ್ನಡದಲ್ಲಿ ಹೇಳಬೇಕಾದಾಗ ಮಗುವಿನ ಇಂಗ್ಲಿಷೂ ಬೆಳೆಯುತ್ತದೆ, ಕನ್ನಡವೂ. ಟ್ಯೂಷನ್‌ನಲ್ಲಿ ಇದು ಸಿಗುವುದು ಕಷ್ಟ.

ಎಲ್ಲಿ ನಿಲ್ಲಿಸಬೇಕು, ಎಲ್ಲಿ ಜಾರುತ್ತದೆ

ಮೊದಲ ಐದು ಅಧ್ಯಾಯ ತಾವಾಗಿಯೇ ಓಡುತ್ತವೆ: ಸಮುದ್ರದ ಬದಿಯ ‘ಅಡ್ಮಿರಲ್ ಬೆನ್ಬೋ’ ಎಂಬ ಜಿಮ್ ಮನೆಯವರ ಹೋಟೆಲು, ಮುಖದ ಮೇಲೆ ಗಾಯದ ಗುರುತಿರುವ ಕುಡುಕ ನಾವಿಕ, ಸಾವಿನ ನೋಟಿಸಿನಂಥ ಕಪ್ಪು ಚುಕ್ಕೆ. ನಾಲ್ಕನೆಯದರಲ್ಲಿ ಪೆಟ್ಟಿಗೆ ತೆರೆಯುವ ಹೊತ್ತಿಗೆ ಮನೆಯ ಹಳೆಯ ಟ್ರಂಕೊಂದನ್ನು ನಡುವೆ ಇಡಿ. ಒಳಗೆ ಒಗೆದು ಮಡಿಸಿಟ್ಟ ಒಂದು ಜೊತೆ ಬಟ್ಟೆ, ತಗಡಿನ ಲೋಟ, ಹಳೆಯ ಕೈಗಡಿಯಾರ, ಕೈವಾರ, ಐದಾರು ಕಪ್ಪೆಚಿಪ್ಪು, ತಳದಲ್ಲಿ ಚಿಲ್ಲರೆ ನಾಣ್ಯದ ಬಟ್ಟೆಚೀಲ. ಪುಸ್ತಕದ ಪಟ್ಟಿಯಲ್ಲಿ ಇವಕ್ಕೆ ಹೊಂದುವವು ಇವೆ. ಓದುತ್ತಿದ್ದಂತೆ ಮಗು ಒಂದೊಂದನ್ನೇ ಎತ್ತಿ ತೋರಿಸಲಿ.

ಇಲ್ಲೇ ದೊಡ್ಡವರಿಗೊಂದು ರುಚಿ ಇದೆ. ಚೀಲದಲ್ಲಿ ಡಬ್ಲೂನ್, ಲೂಯಿ, ಗಿನಿ, ಪೀಸಸ್ ಆಫ್ ಎಯ್ಟ್ ಎಲ್ಲ ಕಲಸಿವೆ. ಜಿಮ್‌ನ ತಾಯಿಗೆ ಲೆಕ್ಕ ಬರುವುದು ಗಿನಿಯಲ್ಲಿ ಮಾತ್ರ. ಕಳ್ಳರು ಬರುತ್ತಿದ್ದಾರೆ, ಆದರೂ ತನಗೆ ಸಲ್ಲಬೇಕಾದ ಬಾಕಿಗಿಂತ ಒಂದು ಕಾಸೂ ಹೆಚ್ಚು ಬೇಡ, ಕಡಿಮೆಯೂ ಬೇಡ ಎಂದು ಕೂತು ಎಣಿಸುತ್ತಾಳೆ. ಇವಳದ್ದು ಪ್ರಾಮಾಣಿಕತೆಯೋ ಹಟವೋ ಎಂದು ಕೇಳಿ ಸುಮ್ಮನಿರಿ. ಮನೆಯಲ್ಲಿ ಅಂಗಡಿ ನಡೆಸಿದವರಿದ್ದರೆ ಆ ರಾತ್ರಿ ಚರ್ಚೆ ಬೇಗ ಮುಗಿಯದು.

ಆರನೆಯ ಅಧ್ಯಾಯದಲ್ಲಿ ನಕ್ಷೆ ಬರುತ್ತದೆ. ಒಂದು ಲೋಟ ನೀರಿಗೆ ಎರಡು ಚಮಚ ಚಹಾಪುಡಿ ಹಾಕಿ ಕುದಿಸಿ ಸೋಸಿ, ಆರಿದ ಮೇಲೆ ಎ4 ಹಾಳೆಯನ್ನು ಅದರಲ್ಲಿ ಎರಡು ನಿಮಿಷ ಅದ್ದಿ ನೆರಳಲ್ಲಿ ಒಣಗಿಸಿದರೆ ಹಳೆಯ ಕಾಗದ ತಯಾರು. ಬಿಸಿಲಿಗೆ ಇಟ್ಟರೆ ಸುರುಟಿಕೊಳ್ಳುತ್ತದೆ. ಮುದ್ರಕದ ತೆಳು ಹಾಳೆ ಹರಿದರೆ ಡ್ರಾಯಿಂಗ್ ಹಾಳೆ ಬಳಸಿ. ಪುಸ್ತಕ ಕೊಡುವ ಅಳತೆ ಸ್ಪಷ್ಟ: ಉದ್ದ ಒಂಬತ್ತು ಮೈಲಿ, ಅಗಲ ಐದು ಮೈಲಿ, ಎದ್ದು ನಿಂತ ದಪ್ಪ ಡ್ರ್ಯಾಗನ್‌ನ ಆಕಾರ. ನಡುವೆ ‘ಸ್ಪೈಗ್ಲಾಸ್’ ಎಂಬ ಬೆಟ್ಟ, ಕೆಂಪು ಶಾಯಿಯ ಮೂರು ಕತ್ತರಿ ಗುರುತು, ಎರಡು ಉತ್ತರಕ್ಕೆ, ಒಂದು ನೈಋತ್ಯಕ್ಕೆ. ಒಂದು ಮೈಲಿಗೆ ಎರಡು ಸೆಂಟಿಮೀಟರ್ ಎಂದು ಹಿಡಿದರೆ ಹಾಳೆಯಲ್ಲಿ ಸರಿಯಾಗಿ ಕೂರುತ್ತದೆ. ಉಳಿದದ್ದನ್ನು ಈಗಲೇ ತುಂಬಬೇಡಿ. ಅಧ್ಯಾಯ ಅಧ್ಯಾಯಕ್ಕೂ ಗೊತ್ತಾದಷ್ಟು ಸೇರಿಸುತ್ತ ಹೋಗಿ. (ಸ್ಟೀವನ್ಸನ್ ಬರೆದ ಮೊದಲ ನಕ್ಷೆ ಪ್ರಕಾಶಕರಿಗೆ ಕಳಿಸುವಾಗ ಕಳೆದುಹೋಗಿ, ಪುಸ್ತಕ ನೋಡಿಕೊಂಡು ಹೊಸದಾಗಿ ಬರೆಯಬೇಕಾಯಿತು. ನಿಮ್ಮ ಮಕ್ಕಳ ನಕ್ಷೆಗೆ ಚಹಾ ಚೆಲ್ಲಿದರೆ ಅಳಬೇಕಾಗಿಲ್ಲ.)

ಏಳರಿಂದ ಒಂಬತ್ತು ಸ್ವಲ್ಪ ಎಳೆದಂತೆ ಕಾಣುತ್ತವೆ. ಇವುಗಳಲ್ಲಿ ಎರಡನ್ನು ಒಂದೇ ರಾತ್ರಿ ಮುಗಿಸಿ. ಆದರೆ ಹತ್ತು ಮುಗಿದ ತಕ್ಷಣ ಏನೇ ಆಗಲಿ ನಿಲ್ಲಿಸಿ. ಸೇಬಿನ ಪೀಪಾಯಿಯೊಳಗೆ ಕೂತ ಜಿಮ್‌ಗೆ ಹೊರಗೆ ಸಿಲ್ವರ್‌ನ ದನಿ ಕೇಳಿಸುತ್ತದೆ, ಹಡಗಿನ ಒಳ್ಳೆಯವರೆಲ್ಲರ ಜೀವ ತನ್ನೊಬ್ಬನ ಕೈಯಲ್ಲಿದೆ ಎಂದು ಗೊತ್ತಾಗುತ್ತದೆ. ಮಕ್ಕಳು ಎಷ್ಟು ಬೇಡಿದರೂ ದೀಪ ಆರಿಸಿ. ಇಂಥದೇ ಇನ್ನೊಂದು ತಾಣ 27ರ ಕೊನೆ: ಕತ್ತಲಲ್ಲಿ ಗಿಳಿಯ ಕೂಗು.

ನಿಜವಾದ ಗುಂಡಿ ಇರುವುದು 16ರಿಂದ 18ರವರೆಗೆ. ಅಲ್ಲಿಯವರೆಗೆ ‘ನಾನು’ ಎಂದರೆ ಜಿಮ್. ಇದ್ದಕ್ಕಿದ್ದಂತೆ ‘ನಾನು’ ಎಂದರೆ ಡಾಕ್ಟರ್ ಲಿವ್ಸೀ. ಕಿವಿಯಲ್ಲಿ ಕೇಳುವವರಿಗೆ ಇದು ತಿಳಿಯದೆ, ಜಿಮ್ ದ್ವೀಪದ ಮೇಲಿದ್ದವನು ಹಡಗಿಗೆ ಯಾವಾಗ ಬಂದ ಎಂದು ತಲೆ ಕೆಡುತ್ತದೆ. ಕುತೂಹಲದ ಸಂಗತಿ ಎಂದರೆ ಸ್ಟೀವನ್ಸನ್ ಕೂಡ ಇಲ್ಲೇ ಕೂತುಬಿಟ್ಟಿದ್ದ: ಹದಿನೈದು ದಿನಕ್ಕೆ ಹದಿನೈದು ಅಧ್ಯಾಯ ಬರೆದವನು ಹದಿನಾರನೆಯದರ ಮೊದಲ ಪ್ಯಾರಾಗಳಲ್ಲಿ ಬರಿದಾಗಿ, ಉಳಿದದ್ದನ್ನು ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಡಾವೋಸ್‌ನಲ್ಲಿ ಮುಗಿಸಿದ. ಉಪಾಯ ಸರಳ. ಈ ಮೂರು ಅಧ್ಯಾಯಗಳನ್ನು ಬೇರೆಯವರು ಓದಲಿ. ಅಮ್ಮ ಓದುತ್ತಿದ್ದರೆ ಮಾವ ಓದಲಿ. ದನಿ ಬದಲಾದರೆ ‘ನಾನು’ ಬದಲಾದದ್ದು ವಿವರಿಸದೆಯೇ ತಿಳಿಯುತ್ತದೆ. 19ರಲ್ಲಿ ಜಿಮ್ ಮರಳುತ್ತಾನೆ, ಅಮ್ಮನೂ ಮರಳಲಿ. ದ್ವೀಪದಲ್ಲಿ ಮೂರು ವರ್ಷ ಒಂಟಿಯಾಗಿದ್ದು ಚೀಸಿನ ಕನಸು ಕಾಣುತ್ತಿದ್ದ ಬೆನ್ ಗನ್‌ಗಾಗಿ ಡಾಕ್ಟರ್ ನಶ್ಯದ ಡಬ್ಬಿಯಲ್ಲಿ ಚೀಸಿಟ್ಟುಕೊಂಡಿರುವುದು ಬಯಲಾಗುವುದೂ ಅಲ್ಲೇ. ಆ ರಾತ್ರಿ ಒಂದೊಂದು ತುಂಡು ಚೀಸ್ ಹಂಚಿದರೆ ಹೊರಟುಹೋಗಿದ್ದ ಕೇಳುಗರೂ ವಾಪಸ್ ಬರುತ್ತಾರೆ.

22ರಿಂದ 24, ನಮ್ಮ ಕಡೆಯವರಿಗೆ ಮೀಸಲಿಟ್ಟಂಥ ಭಾಗ. ಜಿಮ್ ಹತ್ತುವ ‘ಕೊರಕಲ್’ ಬೇರೇನೂ ಅಲ್ಲ, ಹರಿಗೋಲು. ಒರಟು ಮರದ ಚೌಕಟ್ಟು, ಅದರ ಮೇಲೆ ಕೂದಲು ಒಳಗಾಗಿ ಹೊದಿಸಿದ ಮೇಕೆ ಚರ್ಮ. ಇಂಗ್ಲಿಷ್ ಮಕ್ಕಳಿಗೆ ಚಿತ್ರ ತೋರಿಸಿ ವಿವರಿಸಬೇಕಾದದ್ದನ್ನು ಹಂಪಿಯಲ್ಲೋ ತಲಕಾಡಿನಲ್ಲೋ ಹರಿಗೋಲು ಹತ್ತಿದ ಮಗು ತಾನೇ ಹೇಳಬಲ್ಲದು. ಈ ಮೂರು ಅಧ್ಯಾಯದ ವ್ಯಾಖ್ಯಾನ ಅದರದ್ದೇ ಆಗಲಿ. ದುಂಡಗಿನ, ಬುಡದಲ್ಲಿ ದಿಂಡಿಲ್ಲದ ದೋಣಿ ಯಾಕೆ ಗಿರಗಿರ ಸುತ್ತುತ್ತದೆ? ಜಿಮ್ ಸುಮ್ಮನೆ ಅಂಗಾತ ಮಲಗಿದರೆ ಅಲೆಯ ಮೇಲೆ ಹಕ್ಕಿಯಂತೆ ತೇಲುವುದು, ಎದ್ದು ಕೂತು ಹುಟ್ಟು ಹಾಕಿದೊಡನೆ ಯಾಕೆ ನೀರು ಕುಡಿಯುತ್ತದೆ? ಬಕೆಟ್ ನೀರಿನಲ್ಲಿ ತೆಂಗಿನ ಕರಟ ತೇಲಿಬಿಟ್ಟು, ಒಂದು ಕಲ್ಲನ್ನು ತಳದಲ್ಲಿಟ್ಟು, ಆಮೇಲೆ ಅಂಚಿಗೆ ಸರಿಸಿ ನೋಡಿ.

ಕೇಳಬಾರದ ಪ್ರಶ್ನೆ, ಕೇಳಬೇಕಾದ ಪ್ರಶ್ನೆ

“ಈ ಕಥೆಯ ನೀತಿ ಏನು?” ಎಂದು ಕೇಳಿದ ಕ್ಷಣ ಮನೆ ಶಾಲೆಯಾಗುತ್ತದೆ. ಉತ್ತರ ಎರಡು ಕಡೆ ವಾಲುವ ಪ್ರಶ್ನೆ ಹಾಕಿ. ಯಾರಿಗೂ ಹೇಳದೆ ಕೋಟೆ ಬಿಟ್ಟು ಓಡಿದ ಜಿಮ್ ಮಾಡಿದ್ದು ಸರಿಯೇ? ಅವನು ಓಡದಿದ್ದರೆ ಹಡಗು ಉಳಿಯುತ್ತಿರಲಿಲ್ಲ. ಸಿಲ್ವರ್‌ಗೆ ಜಿಮ್ ಮೇಲೆ ನಿಜವಾಗಿ ಪ್ರೀತಿ ಇತ್ತೇ? ಕೊನೆಯಲ್ಲಿ ಒಂದು ಚೀಲ ಚಿನ್ನ ಹೊತ್ತು ಅವನು ತಪ್ಪಿಸಿಕೊಂಡದ್ದು ನಿಮಗೆ ಸಮಾಧಾನವೋ ಸಿಟ್ಟೋ? ಒಂದು ರಾತ್ರಿಗೆ ಒಂದೇ ಪ್ರಶ್ನೆ, ಅದೂ ಓದು ಮುಗಿದ ಮೇಲೆ. ಯಾರೂ ಉತ್ತರಿಸದಿದ್ದರೆ ಒತ್ತಾಯ ಬೇಡ. ಮರುದಿನ ತಿಂಡಿ ತಿನ್ನುವಾಗ ಅದು ತಾನಾಗಿ ಬರುತ್ತದೆ.

ಹಳೆಯ ಪುಸ್ತಕಗಳಲ್ಲಿ ಕಹಿಯಾದ ಸಂಗತಿಗಳೂ ಇವೆ. 1719ರ ‘ರಾಬಿನ್ಸನ್ ಕ್ರೂಸೊ’ದಲ್ಲಿ ನಾಯಕ ತನ್ನೊಡನೆ ತಪ್ಪಿಸಿಕೊಂಡು ಬಂದ ಹುಡುಗ ಝೂರಿಯನ್ನು ಅರವತ್ತು ನಾಣ್ಯಕ್ಕೆ ಮಾರುತ್ತಾನೆ. ಜೂಲ್ಸ್ ವರ್ನ್‌ನ ‘ಎಂಬತ್ತು ದಿನ’ದಲ್ಲಿ ಮುಂಬಯಿಯಿಂದ ಕಲ್ಕತ್ತೆಗೆ ಹೋಗುವ ದಾರಿಯಲ್ಲಿ ಸತಿಯ ಚಿತೆ ಬರುತ್ತದೆ, ಆ ಇಂಡಿಯಾ ಒಬ್ಬ ಫ್ರೆಂಚ್ ಮನುಷ್ಯ ಕಲ್ಪಿಸಿಕೊಂಡ ಇಂಡಿಯಾ. ಇವನ್ನು ಹಾರಿಸುವುದಕ್ಕಿಂತ ಓದಿ ನಿಲ್ಲಿಸುವುದು ಮೇಲು. “ಇದನ್ನು ಝೂರಿ ಹೇಳಿದ್ದರೆ ಹೇಗೆ ಹೇಳುತ್ತಿದ್ದ?” ಎಂಬ ಒಂದು ಪ್ರಶ್ನೆ ಉದ್ದನೆಯ ಉಪನ್ಯಾಸಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ.

ಡಿಸೆಂಬರಿಗೆ: ‘ಎ ಕ್ರಿಸ್ಮಸ್ ಕ್ಯಾರಲ್’

1843ರ ಡಿಸೆಂಬರ್ 19ರಂದು ಬಂದ ಚಿಕ್ಕ ಪುಸ್ತಕ. ಕ್ಯಾರಲ್ ಎಂದರೆ ಹಾಡಾದ್ದರಿಂದ ಡಿಕನ್ಸ್ ಇದರ ಐದು ಅಧ್ಯಾಯಗಳನ್ನು ‘ಸ್ಟೇವ್’ ಎಂದು ಕರೆದ. ಒಟ್ಟು ಮೂರೂವರೆ ಗಂಟೆಯ ಓದು. ಮೂರನೆಯದು ಉಳಿದವಕ್ಕಿಂತ ಉದ್ದ, ಅದನ್ನು ಎರಡಾಗಿ ಒಡೆದು ಆರು ಸಂಜೆ ಮಾಡಿಕೊಳ್ಳಿ.

ಇಲ್ಲಿ ಅಜ್ಜ-ಅಜ್ಜಿಯೇ ತಜ್ಞರು. ಗುಮಾಸ್ತ ಬಾಬ್ ಕ್ರ್ಯಾಚಿಟ್‌ನ ಸಂಬಳ ವಾರಕ್ಕೆ 15 ಷಿಲಿಂಗ್. ಪೌಂಡಿಗೆ 20 ಷಿಲಿಂಗ್, ಷಿಲಿಂಗಿಗೆ 12 ಪೆನ್ಸ್ ಎಂಬ ಲೆಕ್ಕ ಹತ್ತರ ಪದ್ಧತಿಯಲ್ಲಿ ಬೆಳೆದ ಮಗುವಿಗೆ ವಿಚಿತ್ರ. ರೂಪಾಯಿಗೆ ಹದಿನಾರು ಆಣೆ ಎಣಿಸಿದ ತಲೆಗೆ ಅಲ್ಲ. ನಮ್ಮಲ್ಲಿ ಅದು 1957ರಲ್ಲಿ ಬದಲಾಯಿತು, ಅವರಲ್ಲಿ 1971ರಲ್ಲಿ. ಕ್ರ್ಯಾಚಿಟ್ ಮನೆಯವರು ಹಬ್ಬದ ಬಾತುಕೋಳಿಯನ್ನು ಬೇಯಿಸಲು ಬೇಕರಿಗೆ ಕಳಿಸುವುದು ಯಾಕೆ ಎಂಬುದನ್ನೂ ಹೇಳಬೇಕು: ಬಡವರ ಮನೆಯಲ್ಲಿ ಅಷ್ಟು ದೊಡ್ಡ ಒಲೆ ಇರಲಿಲ್ಲ. ಮನೆಯವರು ಸಸ್ಯಾಹಾರಿಗಳಾದರೆ ಆ ಊಟದ ವರ್ಣನೆಯನ್ನು ಬಿಡುವ ಆಸೆಯಾಗಬಹುದು. ಬಿಡಬೇಡಿ, ಅದು ಹಸಿವಿನ ವರ್ಣನೆ.

ಒಂದು ತಯಾರಿ ತಪ್ಪಿಸಬಾರದು. ಬಡವರು ಸತ್ತರೆ ಹೆಚ್ಚುವರಿ ಜನಸಂಖ್ಯೆ ಇಳಿಯುತ್ತದೆ ಎಂಬ ಅರ್ಥದ ಮಾತನ್ನು ಬಾಬ್‌ನ ಜಿಪುಣ ಧಣಿ ಸ್ಕ್ರೂಜ್ ಮೊದಲ ಸ್ಟೇವ್‌ನಲ್ಲಿ ಆಡುತ್ತಾನೆ. ಮೂರನೆಯದರಲ್ಲಿ ಬಾಬ್‌ನ ಕಾಯಿಲೆಯ ಮಗ ಟೈನಿ ಟಿಮ್ ಬಗ್ಗೆ ಕೇಳಿದಾಗ, ಸ್ಕ್ರೂಜ್‌ನನ್ನು ಅಲ್ಲಿಗೆ ಕರೆತಂದ ದೆವ್ವ ಅದೇ ಮಾತನ್ನು ಅವನ ಮುಖಕ್ಕೆ ಹಿಂತಿರುಗಿಸುತ್ತದೆ. ಎರಡೂ ಕಡೆ ಗುರುತು ಹಾಕಿ, ಎರಡನ್ನೂ ಒಬ್ಬರೇ, ಅದೇ ದನಿಯಲ್ಲಿ ಓದಲಿ. ಓದುವವರು ಬದಲಾದರೆ ಆ ಪೆಟ್ಟು ತಾಗುವುದಿಲ್ಲ. ಸಾಲ ತೀರಿಸಲಾಗದ ತಂದೆ 1824ರಲ್ಲಿ ಜೈಲು ಸೇರಿದಾಗ ಹನ್ನೆರಡರ ಡಿಕನ್ಸ್ ಬೂಟಿನ ಪಾಲಿಷ್ ಡಬ್ಬಿಗೆ ಚೀಟಿ ಅಂಟಿಸುವ ಕೆಲಸ ಮಾಡುತ್ತಿದ್ದ ಎಂಬ ವಿಷಯವನ್ನು ಓದು ಮುಗಿದ ಮೇಲೆ ಹೇಳಿ, ಮೊದಲೇ ಬೇಡ.

ನಾಟಕಕ್ಕೆ ತಾಳಮದ್ದಳೆ

ಷೇಕ್ಸ್‌ಪಿಯರ್‌ಗೆ ಗಮಕದ ಮಾದರಿ ಸರಿಹೊಂದದು. ಅಲ್ಲಿ ತಾಳಮದ್ದಳೆಯೇ ಸರಿ: ವೇಷವಿಲ್ಲ, ಕೂತಲ್ಲೇ ಮಾತು, ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ‘ದ ಟೆಂಪೆಸ್ಟ್’ ಐದು ಅಂಕ, ಒಂಬತ್ತು ದೃಶ್ಯ. ಐದು ಭಾನುವಾರ ಸಾಕು. ಮೊದಲ ಅಂಕದ ಎರಡನೆಯ ದೃಶ್ಯದಲ್ಲಿ ಮಾಂತ್ರಿಕ ಪ್ರಾಸ್ಪೆರೊ ಮಗಳಿಗೆ ಹಳೆಯ ಕಥೆ ಹೇಳುತ್ತಲೇ ಹೋಗುತ್ತಾನೆ, ನಿದ್ದೆ ಬರುವುದು ಖಂಡಿತ. ಅವನಿಗೂ ಅನುಮಾನವಿದೆ, ಕೇಳುತ್ತಿದ್ದೀಯಾ ಎಂದು ಮಗಳನ್ನು ಮತ್ತೆ ಮತ್ತೆ ಕೇಳುತ್ತಾನೆ! ಆ ಭಾಗವನ್ನು ಅರ್ಥಧಾರಿಯೊಬ್ಬರು ಕನ್ನಡದಲ್ಲಿ ಐದು ನಿಮಿಷಕ್ಕೆ ಇಳಿಸಲಿ, ಅವನ ಸೇವೆಗಿರುವ ಗಾಳಿಯ ಭೂತ ಏರಿಯಲ್ ಬಂದಲ್ಲಿಂದ ಮೂಲ ಹಿಡಿಯಿರಿ. ಮುಗಿದ ಮೇಲೆ ಈ ನಾಟಕದ ಕನ್ನಡ ರೂಪವಾದ ಕುವೆಂಪು ಅವರ ‘ಬಿರುಗಾಳಿ’ಯ (1930) ಅದೇ ಭಾಗಗಳನ್ನು ಪಕ್ಕದಲ್ಲಿಟ್ಟು ನೋಡಬಹುದು.

ಹದಿನಾಲ್ಕು ದಾಟಿದವರಿದ್ದರೆ ‘ಒಡಿಸ್ಸಿ’

ಪ್ರಾಚೀನ ಗ್ರೀಕ್ ಕವಿ ಹೋಮರ್‌ನ ಈ ಮಹಾಕಾವ್ಯದ 24 ಸಂಧಿಗಳನ್ನು ಮೊದಲಿನಿಂದ ಓದಿದರೆ ನಾಯಕ ಕಾಣಿಸುವುದೇ ಐದನೆಯದರಲ್ಲಿ. ಒಂಬತ್ತರಿಂದ ಶುರು ಮಾಡಿ. ಒಂಟಿಕಣ್ಣಿನ ಪಾಲಿಫೀಮಸ್‌ನ ಗುಹೆ, “ನನ್ನ ಹೆಸರು ಯಾರೂ ಅಲ್ಲ” ಎಂಬ ತಂತ್ರ ಅಲ್ಲಿದೆ. ಹನ್ನೆರಡರವರೆಗೆ ಒಡಿಸ್ಯೂಸ್ ತನ್ನ ಅಲೆದಾಟವನ್ನು ತಾನೇ ಹೇಳುತ್ತಾನೆ. ಆಮೇಲೆ ಐದಕ್ಕೆ ಮರಳಿ, ಅಲ್ಲಿಂದ ಎಂಟರವರೆಗೆ ಸಾಗಿ, ಮತ್ತೆ ಹದಿಮೂರು ಹಿಡಿದರೆ ಎಳೆ ಕೂಡಿಕೊಳ್ಳುತ್ತದೆ. ಎಮಿಲಿ ವಿಲ್ಸನ್ ಅವರ 2017ರ ಇಂಗ್ಲಿಷ್ ಅನುವಾದ ಮೂಲದಷ್ಟೇ ಸಾಲುಗಳಲ್ಲಿ ಸರಳವಾಗಿ ನಡೆಯುತ್ತದೆ, ಗಟ್ಟಿ ಓದಿಗೆ ಹೇಳಿ ಮಾಡಿಸಿದಂತಿದೆ.

21ರಲ್ಲಿ ಬಿಲ್ಲಿಗೆ ಹೆದೆ ಏರಿಸುವ ಪಂದ್ಯ ಬಂದಾಗ ಮನೆಯವರೆಲ್ಲ ಸ್ವಯಂವರ ಎನ್ನುತ್ತಾರೆ. ಪುಸ್ತಕಕ್ಕೊಂದೇ ಎಂದ ಆ ಹೋಲಿಕೆಯನ್ನು ಇಲ್ಲಿ ಖರ್ಚು ಮಾಡಿ. 22ರಲ್ಲಿ ಕಗ್ಗೊಲೆಯೂ ದಾಸಿಯರ ನೇಣೂ ಇವೆ, ಎಳೆಯರಿದ್ದರೆ ಅವರನ್ನು ಮಲಗಿಸಿ ಓದಿ. 23ಕ್ಕೆ ಎಲ್ಲರೂ ಇರಲಿ. ಇಪ್ಪತ್ತು ವರ್ಷದ ಮೇಲೆ ಬಂದವನು ತನ್ನ ಗಂಡನೇ ಹೌದೋ ಅಲ್ಲವೋ ಎಂದು ತಿಳಿಯಲು ಪೆನೆಲೊಪಿ ಮಂಚವನ್ನು ಕೋಣೆಯಿಂದ ಹೊರಗೆ ಹಾಕಿಸಲು ಹೇಳುತ್ತಾಳೆ. ಬೇರು ಬಿಟ್ಟ ಆಲಿವ್ ಮರವನ್ನೇ ಕಾಲಾಗಿಸಿ ಕಟ್ಟಿದ ಮಂಚ ಅದು, ಅಲುಗಿಸಲಾಗದು, ಕಟ್ಟಿದವನಿಗೆ ಅದು ಗೊತ್ತು. ಅವನು ರೇಗುತ್ತಾನೆ. ಆ ಪುಟದ ಅಂಚಿನಲ್ಲಿ ಅಡ್ಡಗೆರೆ ಹಾಕಬೇಡಿ.